ಹೆಬ್ಬೂರಿನ ಗುರುಪ್ರಕಾಶನಿಗೆ ಎಷ್ಟು ಗೊತ್ತು?

ಶಶಿಕಲಾ ಒಂದು ವರ್ಷದಿಂದ ಸರ್ವರ್‌ಗಳನ್ನು ಕೆಡಿಸುತ್ತಿದ್ದಳು. ಆಫೀಸಿನವರು ಅವಳಿಗೆ ಸಂಬಳ ಕೊಡುತ್ತಿದ್ದದ್ದು ಸರ್ವರ್ ಸರಿ ಮಾಡುವುದಕ್ಕೆ. ಅದನ್ನು ಅವಳು ವಾರದ ದಿನಗಳಲ್ಲಿ ತಪ್ಪದೆ ಮಾಡುತ್ತಿದ್ದಳು, ರಜಾ ದಿನ ಬಂತೆಂದರೆ ಕೂತು ಕೆಡಿಸುತ್ತಿದ್ದಳು. ಕೆಡಿಸುವುದೇನು ಮಹಾ ಅಂತ ನೀವು ಅಂದುಕೊಳ್ಳಬಹುದು. ಸುಮ್ಮನೆ ಕೆಡಿಸುವುದಕ್ಕೆ ಯಾರಿಗೂ ತರಬೇತಿ ಬೇಡ, ನಿಜ. ಆದರೆ ಕೆಲಸ ಬಲ್ಲವನು ಬಂದರೆ ಹುಡುಕಿ ಸರಿ ಮಾಡುವಂತಿರಬೇಕು, ಬಾಯಿಪಾಠದವನು ಬಂದರೆ ತಲೆ ಕೆರೆದುಕೊಂಡು ಎದ್ದು ಹೋಗುವಂತಿರಬೇಕು. ಅಷ್ಟು ಹದವಾಗಿ ಕೆಡಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಹಾಗೆ ಹದವಾಗಿ ಕೆಟ್ಟ ಹನ್ನೆರಡು ಸರ್ವರ್‌ಗಳೇ ಅವಳ ಪ್ರಶ್ನೆಪತ್ರಿಕೆ.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಪುಣೆಯ ಒಂದು ಮಂಡಳಿ ಸರ್ಟಿಫಿಕೇಟ್ ಪರೀಕ್ಷೆ ನಡೆಸುತ್ತದೆ. ಅದರ ಮೇಲಿನ ಹಂತದ ಪರೀಕ್ಷೆ ಇಷ್ಟು ದಿನ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಜಾತಿಯದು. ಗುರುತು ಹಾಕಿ ಪಾಸಾದವರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು ತುಮಕೂರಿನಲ್ಲಿ ಶಶಿಕಲಾಳ ಆಫೀಸಿಗೇ ಬಂದು ಸೇರುತ್ತಿದ್ದರು. ಸರ್ವರ್ ನಿಂತಾಗ ಯಾರಾದರೂ ನಾಲ್ಕು ಉತ್ತರ ಹೇಳುತ್ತಾರೇನೋ ಅಂತ ಬಾಯಿ ನೋಡುತ್ತಾ ನಿಲ್ಲುತ್ತಿದ್ದರು. ನೋಡಿ ನೋಡಿ ಅವಳಿಗೆ ರೇಗಿ ಹೋಗಿತ್ತು. ಪುಣೆಯವರ ಜೊತೆ ಜಗಳ ಆಡಿ, ಕೈಯಲ್ಲಿ ಕೆಲಸ ಮಾಡಿ ತೋರಿಸುವ ಪರೀಕ್ಷೆ ನಾನೇ ಮಾಡಿಕೊಡುತ್ತೇನೆ ಅಂತ ಹೊಣೆ ಹೊತ್ತುಕೊಂಡಿದ್ದಳು.

ಇನ್ನು ಉಳಿದಿದ್ದು ಒಂದೇ, ಎಷ್ಟು ಅಂಕ ಬಂದರೆ ಪಾಸು ಅನ್ನುವುದು. ಮೂವತ್ತೈದು ಅಂತ ಬರೆದುಬಿಟ್ಟರೆ ಆಗುತ್ತಿರಲಿಲ್ಲವೇ ಅಂತ ಕೇಳಬೇಡಿ, ಶಶಿಕಲಾ ಕೇಳಿ ಬೈಸಿಕೊಂಡಿದ್ದಳು. ಪುಣೆಯವರ ಪದ್ಧತಿಯೇ ಬೇರೆ. ಅನುಭವಸ್ಥರು ನಾಲ್ಕು ಜನ ಒಂದು ಕಡೆ ಕೂರಬೇಕು. ಹೂಂ, ಇವನನ್ನು ಹೇಗೋ ಪಾಸು ಮಾಡಬಹುದು ಅನ್ನುವಷ್ಟು ಮಾತ್ರ ಗೊತ್ತಿರುವ ಒಬ್ಬ ಅಂಚಿನ ಅಭ್ಯರ್ಥಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಒಂದೊಂದು ಸರ್ವರನ್ನೂ ಅವನ ಮುಂದಿಟ್ಟರೆ ನೂರಕ್ಕೆ ಎಷ್ಟು ತೆಗೆಯುತ್ತಾನೆ ಅಂತ ಪ್ರತಿಯೊಬ್ಬರೂ ಬರೆಯಬೇಕು. ಎಲ್ಲದರ ಸರಾಸರಿಯೇ ಪಾಸಿನ ಅಂಕ. ನಾಲ್ವರ ಲೆಕ್ಕವೂ ಹತ್ತಿರ ಹತ್ತಿರ ಬರಬೇಕು, ಬರದಿದ್ದರೆ ಪರೀಕ್ಷೆಯಲ್ಲೇ ಐಬಿದೆ ಅಂತ ಅರ್ಥ. ಶನಿವಾರ ಸಂಜೆ ಐದಕ್ಕೆ ಪುಣೆಯ ಸಾಹೇಬರ ಫೋನು. ಅಷ್ಟರಲ್ಲಿ ಲೆಕ್ಕ ಕೂಡಿ ಬರದಿದ್ದರೆ ಶಶಿಕಲಾಳ ಹನ್ನೆರಡು ಸರ್ವರ್ ಕಸದ ಬುಟ್ಟಿಗೆ, ಹಳೆಯ ಗುರುತು ಹಾಕುವ ಪರೀಕ್ಷೆಯೇ ಗತಿ.

ಆ ಶನಿವಾರ ಬೆಳಗ್ಗೆ ತುಮಕೂರಿನ ಗುಬ್ಬಿ ಗೇಟಿನ ಹತ್ತಿರ, ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ವರೂ ಸೇರಿದರು. ಶಶಿಕಲಾಳ ಜೊತೆಗೆ ಕುಣಿಗಲ್ಲಿನ ಮಹಾದೇವಯ್ಯನವರು, ಟೆಲಿಫೋನ್ ಇಲಾಖೆಯಲ್ಲಿ ಸರ್ವರ್‌ಗಳ ಜೊತೆಯೇ ಕೂದಲು ನರೆಸಿಕೊಂಡು ನಿವೃತ್ತರಾದವರು. ಗುಬ್ಬಿಯ ಗಂಗರಾಜು, ಒಂದು ಸೊಸೈಟಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ, ಇಬ್ಬರು ಹೆಣ್ಣುಮಕ್ಕಳ ತಂದೆ. ಕೊನೆಗೆ ಕೋಮಲಾ, ತುಮಕೂರಿನವಳೇ, ವಯಸ್ಸು ಕಡಿಮೆ, ಮಾತು ಖಾರ.

ಶಶಿಕಲಾ ಪದ್ಧತಿಯನ್ನು ವಿವರಿಸಿ ಮುಗಿಸಿದಳು. ಎಲ್ಲರೂ ತಲೆ ಆಡಿಸಿದರು. ಮಹಾದೇವಯ್ಯನವರು ಕನ್ನಡಕ ಒರೆಸಿಕೊಂಡು, "ಎಲ್ಲಾ ಸರಿ ಶಶಿಕಲಮ್ಮ. ಯಾವೂರಿನವ್ನು ಅವ್ನು?" ಅಂದರು.

"ಯಾರು ಸಾರ್?"

"ಅದೇ, ಅಂಚಿನ ಹುಡುಗ."

"ಅವ್ನು ಕಲ್ಪನೆ ಸಾರ್. ಅವ್ನಿಗೆ ಊರಿಲ್ಲ."

"ಊರಿಲ್ದೋನ ಬಗ್ಗೆ ಏನಂತ ಹೇಳೋದಮ್ಮ?"

ಶಶಿಕಲಾ ನಕ್ಕು ಅಂಕದ ಹಾಳೆ ಹಂಚಿದಳು. ಮೊದಲ ಸರ್ವರಿನ ಅಂಕ ಬಂದ ಮೇಲೆ ನಗು ನಿಂತುಹೋಯಿತು. ಡಿಸ್ಕ್ ತುಂಬಿ ನಿಂತುಹೋದ ಸರ್ವರ್ ಅದು. ಮಹಾದೇವಯ್ಯನವರು ಇಪ್ಪತ್ತು ಬರೆದಿದ್ದರು, ಗಂಗರಾಜು ತೊಂಬತ್ತು. ಕೇಳಿದರೆ ಮಹಾದೇವಯ್ಯನವರ ಮನಸ್ಸಿನಲ್ಲಿದ್ದದ್ದು ತಮ್ಮ ಹಳೆಯ ಸೆಕ್ಷನ್ನಿನ ಒಬ್ಬ ಸೋಮಾರಿ. ಗಂಗರಾಜುವಿನ ಮನಸ್ಸಿನಲ್ಲಿದ್ದದ್ದು ಗಂಗರಾಜುವೇ.

ಇದು ಹೀಗೆ ಹೋದರೆ ಐದು ಗಂಟೆಗೆ ಮಾನ ಹೋಗುತ್ತದೆ ಅನ್ನಿಸಿ ಶಶಿಕಲಾ ಸೋತಳು. "ಆಯ್ತು, ಎಲ್ರೂ ಒಬ್ನನ್ನೇ ಕಲ್ಪಿಸ್ಕೊಳ್ಳಿ. ಊರು ಬೇಕಾದ್ರೆ ಇಟ್ಕೊಳ್ಳಿ," ಅಂದಳು.

ಅವಳು ಮಾಡಿದ ತಪ್ಪು ಅದೇ. ನಮ್ಮ ಕಡೆಯವರಿಗೆ ಒಂದು ಊರು ಕೊಟ್ಟರೆ ಸಾಕು, ಮಿಕ್ಕಿದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಗುಬ್ಬಿ ಅಂದರೆ ಕುಣಿಗಲ್ಲಿಗೆ ಬೇಜಾರು, ಕುಣಿಗಲ್ ಅಂದರೆ ಗುಬ್ಬಿಗೆ ಬೇಜಾರು, ಅದಕ್ಕೇ ಹೆಬ್ಬೂರು ಅಂತಾಯಿತು. ಗುರುಪ್ರಕಾಶ ಅನ್ನುವ ಹೆಸರು ಮಹಾದೇವಯ್ಯನವರದು. ತಂದೆ ಪೋಸ್ಟ್ ಮಾಸ್ಟರ್, ತಾಯಿ ಸಾತ್ವಿಕ ಹೆಂಗಸು, ಕೆಲಸ ತುಮಕೂರಿನ ಒಂದು ಖಾಸಗಿ ಕಂಪನಿಯಲ್ಲಿ, ಓಡಾಟ ದಿನಾ ಬಸ್ಸಿನಲ್ಲಿ. ಗಂಗರಾಜು ಅವನಿಗೊಂದು ಮೀಸೆ ಕೊಟ್ಟ. ಕೋಮಲಾ ತೆಗೆಸಿದಳು. ಆ ಮೀಸೆಯ ಮೇಲೆ ಆದ ಚರ್ಚೆಯಲ್ಲಿ ಒಂದು ಸುತ್ತು ಕಾಫಿ ಖಾಲಿಯಾಯಿತು.

ಈಗ ಎಲ್ಲರ ಮನಸ್ಸಿನಲ್ಲೂ ಒಬ್ಬನೇ ಇದ್ದ, ಆದರೆ ಅಂಕ ಇನ್ನೂ ದೂರ ದೂರ ಓಡಿದವು. ಮಹಾದೇವಯ್ಯನವರಿಗೆ ತಾವು ಹೆಸರಿಟ್ಟ ಹುಡುಗನ ಮೇಲೆ ಅಭಿಮಾನ ಬಂದುಬಿಟ್ಟಿತ್ತು. ಯಾವ ಸರ್ವರ್ ಇಟ್ಟರೂ ತೊಂಬತ್ತೈದು. ಗಂಗರಾಜುವಿಗೆ ಅವನ ಮೇಲೆ ಕನಿಕರ. "ಪಾಪ, ಬಸ್ಸಲ್ಲಿ ನಿಂತ್ಕೊಂಡ್ ಬಂದಿರ್ತಾನೆ, ಅವನ್ ಹತ್ರ ಇಷ್ಟೆಲ್ಲ ಕೇಳೋದಾ" ಅಂತ ಇಪ್ಪತ್ತೈದರ ಮೇಲೆ ಹೋಗಲಿಲ್ಲ. ಕೋಮಲಾ ಮೀಸೆಯ ಸಿಟ್ಟನ್ನು ಅಂಕದಲ್ಲಿ ತೀರಿಸಿಕೊಂಡಳು.

"ಸಾರ್, ನೀವು ಅವನ್ನ ಹೊಗಳಿದಷ್ಟೂ ಪಾಸಿನ ಅಂಕ ಮೇಲೆ ಹೋಗುತ್ತೆ," ಅಂತ ಶಶಿಕಲಾ ಮಹಾದೇವಯ್ಯನವರಿಗೆ ತಿಳಿಸಿ ಹೇಳಿದಳು. "ಅಂಚಿನಲ್ಲಿರೋನೇ ತೊಂಬತ್ತೈದು ತೆಗೆದ್ರೆ ಪಾಸಿಗೆ ತೊಂಬತ್ತೈದು ಬೇಕು. ಇಡೀ ರಾಜ್ಯದಲ್ಲಿ ಒಬ್ರೂ ಪಾಸಾಗಲ್ಲ."

"ಹಂಗಂತ ಹುಡುಗನ್ನ ಕೀಳು ಮಾಡಕಾಯ್ತದಾ?"

"ಹುಡುಗನೇ ಇಲ್ಲ ಸಾರ್."

"ನೀನು ಹಂಗನ್ಬೇಡಮ್ಮ, ಬೇಜಾರಾಯ್ತದೆ," ಅಂದರು ಮಹಾದೇವಯ್ಯನವರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ.

ಊಟದ ಹೊತ್ತಿಗೆ ಅವರಿಗೊಂದು ಫೋನು ಬಂತು. ಮಾತಾಡುತ್ತಾ ಬಾಲ್ಕನಿಗೆ ಹೋದವರು ಚಿತ್ರಾನ್ನ ಆರಿದ ಮೇಲೆ ಒಳಗೆ ಬಂದರು. ಮುಖ ಇಷ್ಟೇ ಇಷ್ಟಾಗಿತ್ತು.

"ನನ್ ತಂಗಿ ಬರ್ತಾವ್ಳೆ," ಅಂದರು. "ಉಮಾಮಹೇಶ್ವರಿ. ಯಡಿಯೂರಿಗೆ ಕೊಟ್ಟಿರೋದು. ಕುಣಿಗಲ್ಲಲ್ಲಿ ಬಸ್ ಹತ್ತವ್ಳೆ."

"ಬರ್ಲಿ ಸಾರ್, ಅದಕ್ಕೇನು?"

"ಗುರುಪ್ರಕಾಶನ ವಿಚಾರ ಮಾತಾಡಕ್ಕೆ ಬರ್ತಾವ್ಳೆ. ಅವಳ ಮಗಳು ಪಲ್ಲವಿಗೆ ಗಂಡು ನೋಡ್ತಾ ಇದೀವಿ."

ಕೋಮಲಾ ಕೈಯಲ್ಲಿದ್ದ ಚಮಚವನ್ನು ತಟ್ಟೆಯಲ್ಲಿಟ್ಟಳು. ಯಾರೂ ಏನೂ ಕೇಳದಿದ್ದರೂ ಮಹಾದೇವಯ್ಯನವರೇ ಹೇಳಿಕೊಂಡರು. "ಏನ್ ಮಾಡ್ತಿದೀಯಣ್ಣ ಅಂದ್ಳು. ಒಬ್ಬ ಹುಡುಗನ ವಿಚಾರ ಮಾತಾಡ್ತಾ ಇದೀವಿ ಅಂದೆ. ಯಾವೂರು ಅಂದ್ಳು. ಗೊತ್ತಿತ್ತು, ಹೇಳ್ದೆ. ಯಾರ ಮಗ ಅಂದ್ಳು. ಅದೂ ಗೊತ್ತಿತ್ತು. ನಾನು ಪಲ್ಲವಿಗೆ ಸೋದರಮಾವ ಶಶಿಕಲಮ್ಮ, ಎರಡು ವರ್ಷದಿಂದ ಅಲೀತಾ ಇದೀನಿ. ಕೇಳಿದ್ದಕ್ಕೆಲ್ಲಾ ಉತ್ತರ ಗೊತ್ತಿರೋ ಹುಡುಗ ಒಬ್ನೂ ಸಿಕ್ಕಿರ್ಲಿಲ್ಲ. ಬಾಯಿ ತಡೀಲಿಲ್ಲ. ಆಮೇಲೆ ನಿಜ ಹೇಳಣ ಅಂತ ಫೋನ್ ಮಾಡಿದ್ರೆ ಕಟ್ ಮಾಡ್ತಾವ್ಳೆ."

ಶಶಿಕಲಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ಕಡೆ ಪುಣೆ, ಇನ್ನೊಂದು ಕಡೆ ಯಡಿಯೂರು. ಬಂದ ತಕ್ಷಣ ನಾನೇ ನಿಜ ಹೇಳಿ ಕಳಿಸುತ್ತೇನೆ ಅಂತ ತೀರ್ಮಾನ ಮಾಡಿ ಮುಂದಿನ ಸರ್ವರಿಗೆ ಕೈ ಹಾಕಿದಳು. ಅದಕ್ಕೂ ಮಹಾದೇವಯ್ಯನವರು ತೊಂಬತ್ತೈದೇ ಬರೆದರು, ಈಗಂತೂ ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಉಮಾಮಹೇಶ್ವರಿ ಬಂದಾಗ ಮೂರೂವರೆ ದಾಟಿತ್ತು. ಗಟ್ಟಿ ಹೆಂಗಸು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಬ್ಯಾಗು, ಕಣ್ಣು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ನೀರು ಕುಡಿದು, ನಾಲ್ವರನ್ನೂ ಒಂದು ಸಲ ಅಳೆದು, ಶಶಿಕಲಾ ಬಾಯಿ ತೆಗೆಯುವ ಮುಂಚೆಯೇ, "ಎಲ್ರೂ ಒಟ್ಟಿಗೆ ಕೂತ್ರೆ ಒಬ್ರಿಗೊಬ್ರು ತಾಳ ಹಾಕ್ತೀರ. ಒಬ್ಬೊಬ್ರೇ ಒಳಗೆ ಬನ್ನಿ," ಅಂದವಳೇ ಪಕ್ಕದ ಏಸಿ ರೂಮಿಗೆ ಹೋಗಿ ಕೂತಳು. ಶಶಿಕಲಾ ಬೆನ್ನ ಹಿಂದೆಯೇ ಓಡಿದಳು, ನಿಜ ಹೇಳುವುದಕ್ಕೆ. ಅಷ್ಟರಲ್ಲಿ ಗಂಗರಾಜು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನೋಡಪ್ಪ, ನಿಂಗೂ ಹೆಣ್ಮಕ್ಕಳಿದಾರಂತೆ," ಅಂದಳು ಉಮಾಮಹೇಶ್ವರಿ. "ನಮ್ಮಣ್ಣ ಹೇಳಿದ್ದನ್ನ ನಾನು ನಂಬಲ್ಲ, ಅವನಿಗೆ ಎಲ್ರೂ ಒಳ್ಳೆಯವ್ರೆ. ನೀನು ಹೇಳು. ಹುಡುಗನಿಗೆ ಕೆಲಸ ಬರುತ್ತಾ?"

ಗಂಗರಾಜು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅವನ ಮುಖದಲ್ಲಿ ಬೆಳಗ್ಗಿನ ಕನಿಕರ ಇರಲಿಲ್ಲ. "ಬರುತ್ತೆ ಅಕ್ಕ. ಪೂರ್ತಿ ಬರಲ್ಲ. ಡಿಸ್ಕ್ ತುಂಬಿ ಸರ್ವರ್ ನಿಂತ್ರೆ ಗಾಬರಿ ಆಗ್ತಾನೆ, ಆದ್ರೆ ಹುಡುಕಿ ಸರಿ ಮಾಡ್ತಾನೆ. ಪಾಸ್‌ವರ್ಡ್ ಕಳೆದುಹೋದ್ರೆ ಒಳಗೆ ಹೋಗೋ ದಾರಿ ಗೊತ್ತು. ನೆಟ್‌ವರ್ಕಲ್ಲಿ ಸ್ವಲ್ಪ ತಡವರಿಸ್ತಾನೆ. ಬ್ಯಾಕಪ್ ತಪ್ಪದೆ ತಗೋತಾನೆ. ಅದನ್ನ ತೆಗೆದು ನೋಡಲ್ಲ."

"ಹಂಗಂದ್ರೆ?"

"ಉಪ್ಪಿನಕಾಯಿ ಹಾಕಿ ಜಾಡಿ ಮುಚ್ಚಿಡ್ತಾನೆ. ಕೆಟ್ಟಿದ್ಯೋ ಇಲ್ವೋ ಮಧ್ಯೆ ಮಧ್ಯೆ ನೋಡಬೇಕಲ್ಲ, ಅದು ಮಾಡಲ್ಲ."

ಶಶಿಕಲಾ ನಿಜ ಹೇಳಬೇಕು ಅಂತ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ಬೆಳಗ್ಗೆಯಿಂದ ಅವಳು ತಲೆ ಚಚ್ಚಿಕೊಂಡು ಕೇಳುತ್ತಿದ್ದದ್ದು ಇದನ್ನೇ. ಪುಣೆಯವರು ಕೇಳಿದರೆ ಬಾಯಿಗೆ ಬಂದದ್ದನ್ನು ಬರೆದವನು, ಹೆಣ್ಣು ಕೊಡುವವರು ಕೇಳಿದ ಕೂಡಲೇ ತೂಗಿ ತೂಗಿ ಮಾತಾಡುತ್ತಿದ್ದ. ಗಂಗರಾಜು ಎದ್ದು ಹೊರಟಾಗ ಬಾಗಿಲಲ್ಲೇ ತಡೆದು ಅಂಕದ ಹಾಳೆ ಕೈಗಿಟ್ಟು, "ಈಗ ಬರೀ, ಯಾರ ಜೊತೇನೂ ಮಾತಾಡ್ದೆ," ಅಂದಳು.

ಕೋಮಲಾ ಬಂದಳು. ಮೀಸೆಯ ವಿಷಯ ಎತ್ತಲಿಲ್ಲ. ಗಾಬರಿ ಆಗ್ತಾನೆ, ಆದರೆ ಬಿಟ್ಟು ಓಡಲ್ಲ ಅಂದಳು. ಬ್ಯಾಕಪ್ ತೆಗೆದು ನೋಡಲ್ಲ ಅಂದಳು. ಆಮೇಲೆ ಮಹಾದೇವಯ್ಯನವರು ಬಂದು ತಂಗಿಯ ಮುಂದೆ ಕೂತರು. ತಂಗಿ ಒಂದು ಮಾತೂ ಆಡದೆ ಅಣ್ಣನ ಮುಖವನ್ನೇ ನೋಡುತ್ತಾ ಕೂತಳು. ಸೋದರಮಾವನ ಬೆವರು ಆ ಏಸಿಯಲ್ಲೂ ಕಿತ್ತುಕೊಂಡು ಬಂತು. ತೊಂಬತ್ತೈದು ಒಂದೊಂದಾಗಿ ಇಳಿಯಿತು. "ಒಳ್ಳೆ ಹುಡುಗ ಕಣಮ್ಮ," ಅಂದರು ಕೊನೆಗೆ, "ಆದ್ರೆ ಆ ಬ್ಯಾಕಪ್ ಒಂದು ವಿಚಾರದಲ್ಲಿ ಸ್ವಲ್ಪ ಉಡಾಫೆ."

ಉಳಿದಿಬ್ಬರಿಂದಲೂ ಹಾಗೆಯೇ ಬರೆಸಿಕೊಂಡು ಶಶಿಕಲಾ ಹಾಳೆಗಳನ್ನು ಕೂಡಿಸಿ ನೋಡಿದಳು. ಅವಳದೂ ಸೇರಿ ನಾಲ್ವರ ಲೆಕ್ಕವೂ ಒಂದರ ಪಕ್ಕ ಒಂದು ಕೂತಿತ್ತು. ಸರಾಸರಿ ಅರವತ್ತೆರಡು. ಐದು ಗಂಟೆಗೆ ಫೋನು ಮಾಡಿದ ಪುಣೆಯ ಸಾಹೇಬರು ಇಷ್ಟು ಚೆನ್ನಾಗಿ ಹೊಂದಿದ ಲೆಕ್ಕವನ್ನು ತಾವು ಕಂಡಿಲ್ಲ ಅಂದರು, ಯಾವ ವಿಧಾನ ಅನುಸರಿಸಿದಿರಿ ಅಂತ ಕೇಳಿದರು. ಸ್ಥಳೀಯ ವಿಧಾನ ಸಾರ್, ಅಂದಳು ಶಶಿಕಲಾ. ಪರೀಕ್ಷೆ ಮಂಜೂರಾಯಿತು. ಒಂದು ವರ್ಷದ ಕೆಲಸ ದಡ ಸೇರಿತ್ತು. ಅವಳಿಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಫೋನು ಇಟ್ಟು ತಿರುಗಿದರೆ ಉಮಾಮಹೇಶ್ವರಿ ಬ್ಯಾಗು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. "ನಂಗೆ ಒಪ್ಪಿಗೆ ಇಲ್ಲಮ್ಮ. ಜಾಡಿ ಮುಚ್ಚಿಟ್ಟು ಮರ್ತುಬಿಡೋನಿಗೆ ನನ್ ಮಗಳನ್ನ ಹೆಂಗೆ ಕೊಡ್ಲಿ?"

ಬೇರೆ ಯಾರಾದರೂ ಆಗಿದ್ದರೆ, ಬಂದ ಗಂಡಾಂತರ ತಾನಾಗಿಯೇ ಹೋಯಿತು ಅಂತ ಕೈಮುಗಿದು ಬಾಗಿಲು ತೆಗೆಯುತ್ತಿದ್ದರು. ಶಶಿಕಲಾಳಿಗೆ ಏನಾಯಿತೋ, ಸರ್ರನೆ ಸಿಟ್ಟು ಬಂತು. "ಅದೊಂದನ್ನೇ ಯಾಕೆ ಹಿಡ್ಕೊಂಡ್ರಿ ಅಕ್ಕ? ಬಿಟ್ಟು ಓಡಲ್ಲ ಅಂತ ಕೋಮಲಾ ಹೇಳ್ಲಿಲ್ವಾ? ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾನೆ, ಕೇಳಿ ಕಲೀತಾನೆ. ಅಂಥೋನು ನಮ್ ಆಫೀಸಿಗೆ ಒಬ್ಬ ಬಂದಿದ್ರೆ ನಾನು ಈ ಪರೀಕ್ಷೇನೇ ಮಾಡ್ತಿರ್ಲಿಲ್ಲ." ಇಷ್ಟು ಹೇಳಿದ ಮೇಲೆ ತಾನು ಯಾರ ಪರವಾಗಿ ವಾದ ಮಾಡುತ್ತಿದ್ದೇನೆ ಅನ್ನುವುದು ಹೊಳೆಯಿತು. ಬೆಳಗ್ಗೆಯಿಂದ ಹುಡುಗನೇ ಇಲ್ಲ, ಹುಡುಗನೇ ಇಲ್ಲ ಅಂತ ಬಡಿದುಕೊಂಡವಳು ಅವಳೇ. ಮಿಕ್ಕ ಮೂವರೂ ಗೋಡೆ ನೋಡುತ್ತಿದ್ದರು.

"ತಪ್ಪಾಯ್ತು ಅಕ್ಕ," ಅಂದಳು ಸಣ್ಣ ದನಿಯಲ್ಲಿ. "ಅಂಥ ಹುಡುಗ ಯಾರೂ ಇಲ್ಲ. ಪರೀಕ್ಷೆಗೋಸ್ಕರ ನಾವೇ ಕೂತು ಕಟ್ಟಿದ್ದು. ಊರು, ಹೆಸರು, ಅಪ್ಪ ಅಮ್ಮ, ಎಲ್ಲಾ."

ಉಮಾಮಹೇಶ್ವರಿ ಅವಳನ್ನು ಕನಿಕರದಿಂದ ನೋಡಿದಳು. "ನಾನು ಬೇಡ ಅಂದ ತಕ್ಷಣ ಹುಡುಗನೇ ಇಲ್ಲ ಅಂತೀಯಲ್ಲಮ್ಮ. ಬರ್ತಾ ಹೆಬ್ಬೂರಲ್ಲಿ ಇಳ್ಕೊಂಡೇ ಬಂದಿದೀನಿ. ಹೆಣ್ಣು ಕೊಡೋಳು ವಿಚಾರಿಸ್ದೆ ಬರ್ತಾಳಾ? ಅದನ್ನ ಮೊದ್ಲೇ ಹೇಳಿದ್ರೆ ನೀವು ಯಾರೂ ನಿಜ ಬಿಡ್ತಿರ್ಲಿಲ್ಲ, ಅದಕ್ಕೇ ಸುಮ್ನಿದ್ದೆ."

"ಇಳ್ಕೊಂಡು?" ಅಂದರು ಮಹಾದೇವಯ್ಯನವರು.

"ಗುರುಪ್ರಕಾಶ, ತುಮಕೂರಲ್ಲಿ ಕಂಪ್ಯೂಟರ್ ಕೆಲ್ಸ ಅಂದೆ. ಹೂ ಮಾರೋಳು ಮನೆ ತೋರಿಸಿದ್ಲು. ಅವರಮ್ಮ ಕಾಫಿ ಕೊಟ್ರು. ಅಪ್ಪ ಪೋಸ್ಟ್ ಮಾಸ್ಟರ್ ಅಂತ ಯಾಕಣ್ಣ ಸುಳ್ಳು ಹೇಳ್ದೆ? ಟೈಲರ್ರು ಅವ್ರು. ಅದ್ರಲ್ಲಿ ಮುಚ್ಚಿಡೋಂಥದ್ದು ಏನಿದೆ?"

ಕೋಮಲಾ ತಡೆಯಲಾರದೆ, "ಮೀಸೆ ಇದ್ಯಾ?" ಅಂದಳು.

"ಮುಖ ಎಲ್ಲಿ ಕಂಡೆ? ಬಾಗಿಲು ಹಾಕ್ಕೊಂಡು ಓದ್ತಾ ಇದ್ದ. ಯಾವ್ದೋ ಹೊಸ ಪರೀಕ್ಷೆ ಬರ್ತಿದ್ಯಂತೆ, ಸರ್ವರನ್ನ ಕೆಡಿಸಿ ಕೊಡ್ತಾರಂತೆ, ಇವ್ನು ಸರಿ ಮಾಡ್ಬೇಕಂತೆ. ಒಂದ್ಸಲ ಹಳೇ ಪರೀಕ್ಷೇಲಿ ಗುರುತು ತಪ್ಪು ಹಾಕಿ ಫೇಲಾಗಿದಾನೆ. ಅವರಮ್ಮ ಕಣ್ಣೀರು ಹಾಕ್ಕೊಂಡ್ರು. ಯಾವ ಪುಣ್ಯಾತ್ಗಿತ್ತಿ ಇಂಥ ಪರೀಕ್ಷೆ ಕಂಡುಹಿಡಿದ್ಳೋ, ನನ್ ಮಗ ಸರಿಯಾಗಿ ಊಟಾನೂ ಮಾಡ್ತಿಲ್ಲ ಅಂದ್ರು."

ಶಶಿಕಲಾ ಕುರ್ಚಿಯಲ್ಲಿ ಕೂತಳು. ಇಷ್ಟು ದಿನ ಅವಳು ಪರೀಕ್ಷೆ ಮಾಡಿದ್ದು ಅಭ್ಯರ್ಥಿ ಅನ್ನುವ ಬರೀ ಒಂದು ಪದಕ್ಕೆ. ಅಭ್ಯರ್ಥಿ ಊಟ ಬಿಡುತ್ತಾನೆ, ಅವನಿಗೊಬ್ಬಳು ತಾಯಿ ಇರುತ್ತಾಳೆ ಅನ್ನುವುದು ಅವಳ ತಲೆಗೆ ಬಂದಿರಲಿಲ್ಲ. ಅರವತ್ತೆರಡು ಅನ್ನುವ ಸಂಖ್ಯೆ ಇದ್ದಕ್ಕಿದ್ದ ಹಾಗೆ ಬಹಳ ದೊಡ್ಡದಾಗಿ ಕಂಡಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು.

"ಅಕ್ಕ, ಬ್ಯಾಕಪ್ ತೆಗೆದು ನೋಡೋ ಪ್ರಶ್ನೆ ಇದೆ ಅಂತ ನಿಮಗೆ ಗೊತ್ತಾಗೋಯ್ತಲ್ಲ. ನೀವು ಅಲ್ಲಿ ಹೋಗಿ ಹೇಳಿಬಿಟ್ರೆ ಪತ್ರಿಕೆ ಬಯಲಾದಂಗೆ. ನನ್ ಪರೀಕ್ಷೆ ಸತ್ತೋಗುತ್ತೆ."

"ನಾನ್ಯಾಕೆ ಹೇಳ್ಲಿ?" ಅಂದಳು ಉಮಾಮಹೇಶ್ವರಿ. ಬ್ಯಾಗು ಇಳಿಸಿ ಮತ್ತೆ ಕೂತುಕೊಂಡಳು. "ನಾನು ಹೇಳಿಕೊಟ್ಟು ಅವ್ನು ಪಾಸಾದ್ರೆ ನನಗೇನು ತಿಳೀತು? ಜಾಡಿ ತೆಗೆದು ನೋಡೋ ಬುದ್ಧಿ ಅವ್ನಿಗೇ ಇದ್ಯೋ ಇಲ್ವೋ ನಂಗೂ ಗೊತ್ತಾಗ್ಬೇಕಲ್ಲ. ನಿಮ್ ಪರೀಕ್ಷೆ ಆಗ್ಲಿ. ಅಲ್ಲೀವರ್ಗೂ ಬೇರೆ ಗಂಡು ನೋಡಲ್ಲ, ಈ ವಿಚಾರ ಪಲ್ಲವಿಗೂ ಹೇಳಲ್ಲ. ರಿಸಲ್ಟ್ ಬಂದ್ಮೇಲೆ ಮಾತಾಡಣ."

ಮಹಾದೇವಯ್ಯನವರು ನಿಟ್ಟುಸಿರು ಬಿಟ್ಟರು. ಗಂಗರಾಜು, ಪಾಪ ಹುಡುಗ, ಅಂತ ಗೊಣಗಿದ. ಶಶಿಕಲಾ ಮೆಲ್ಲಗೆ ಫೋನು ಎತ್ತಿಕೊಂಡು ಪುಣೆಯ ನಂಬರ್ ಹುಡುಕತೊಡಗಿದಳು.

"ಯಾರಿಗಮ್ಮ?" ಅಂದಳು ಉಮಾಮಹೇಶ್ವರಿ.

"ಏನಿಲ್ಲ ಅಕ್ಕ. ಅರವತ್ತೆರಡನ್ನ ಅರವತ್ತೊಂದು ಮಾಡಕ್ಕಾಗುತ್ತಾ ಅಂತ ಕೇಳಣ ಅಂತ."

"ಇಡು ಕೆಳಗೆ. ನನ್ ಮಗಳಿಗೆ ಒಂದಂಕ ಕಮ್ಮಿ ಇರೋ ಗಂಡು ಬೇಡ."

ಶಶಿಕಲಾ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಪರೀಕ್ಷೆ ತನ್ನದೇ ಆದರೂ, ಫಲಿತಾಂಶ ಬರುವವರೆಗೆ ಇನ್ನು ನಿದ್ದೆ ಬರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಾಗಿತ್ತು.